ಬಿಡ್ತು ಅನ್ನಿ

ಇವತ್ತು ಬೆಳಿಗ್ಗೆ ದೇವರ ಮನೆಯ ದೀಪ ಎಣ್ಣೆ ತೀರಿ ತಾನಾಗಿಯೇ ಆರಿತು. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಎಲ್ಲರ ಮನೆಯಲ್ಲೂ ದೀಪ ಆರುತ್ತದೆ. ಆದರೆ ಆರಿದ ಬತ್ತಿಯಿಂದ ಎಳೆಯಾಗಿ ಏಳುವ ಹೊಗೆಗೆ ಒಂದು ವಾಸನೆ ಇದೆ ನೋಡಿ, ಸುಟ್ಟ ಹತ್ತಿಯೂ ಕಮಟು ಎಣ್ಣೆಯೂ ಬೆರೆತ ವಾಸನೆ, ಅದು ಹಜಾರದಲ್ಲಿ ಪೇಪರು ಓದುತ್ತ ಕುಳಿತಿದ್ದ ನನ್ನ ಮೂಗಿಗೆ ತಾಕಿತು. ಮುಂದಿನದು ನನ್ನನ್ನು ಕೇಳದೆಯೇ ನಡೆದುಹೋಯಿತು. ಮೈಮೇಲೆ ಎಚ್ಚರ ಬಂದಾಗ ಚಾಮರಾಜಪೇಟೆಯ ನಮ್ಮ ಮನೆಯ ಗೇಟಿನ ಹೊರಗೆ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕಂಕುಳಲ್ಲಿ ಪೇಪರು ಇಟ್ಟುಕೊಂಡು ನಿಂತಿದ್ದೆ.

“ಎಲ್ಲಿಗ್ರೀ ಹೊರಟ್ರಿ?” ಎಂದು ಒಳಗಿನಿಂದ ನನ್ನ ಹೆಂಡತಿ ವಸಂತ ಕೂಗಿದಳು.

“ಹಾಲು ಬಂತೇನೋ ನೋಡೋಣ ಅಂತ.”

“ಹಾಲು ಬಂದು, ಕಾಫಿ ಆಗಿ, ನೀವು ಕುಡಿದೂ ಆಯ್ತು.” ಅವಳು ಬಾಗಿಲಿಗೆ ಬಂದು ನನ್ನ ಬರಿಗಾಲನ್ನು ನೋಡಿದಳು. “ಹೆಂಗೂ ಹೊರಟಿದೀರಲ್ಲ, ಇನ್ನೊಂದು ಕಾಲಿಗೂ ಚಪ್ಪಲಿ ಹಾಕ್ಕೊಂಡು ಮಾಮೂಲ್‌ಪೇಟೆಗೆ ಹೋಗ್ಬನ್ನಿ. ಗೌರಿ ಹಬ್ಬ ಬಂತು, ಬಳೆ ತರ್ಬೇಕು” ಎಂದು ತನ್ನ ಕೈಯಿಂದ ಒಂದು ಹಸಿರು ಗಾಜಿನ ಬಳೆ ತೆಗೆದು ಅಳತೆಗೆಂದು ನನ್ನ ಜೇಬಿಗೆ ಹಾಕಿದಳು.

ನನ್ನ ಈ ಓಟದ ಚಾಳಿ ಕೆಲವು ವರ್ಷಗಳದ್ದು. ಸಂಪಿಗೆ ರಸ್ತೆಯ ಮಾಲಿಗೆ ಹೋದರೆ ಎಲ್ಲರೂ ಅಂಗಡಿಗಳನ್ನು ನೋಡುತ್ತಾರೆ, ನಾನು ಹೊರದಾರಿ ತೋರಿಸುವ ಹಸಿರು ಹಲಗೆಗಳನ್ನು ನೋಡುತ್ತೇನೆ. ಹೋಟೆಲಿನಲ್ಲಿ ನನಗೆ ಬಾಗಿಲ ಪಕ್ಕದ ಮೇಜೇ ಆಗಬೇಕು. ಆ ಮೇಜಿನ ಹತ್ತಿರವೇ ಕೈ ತೊಳೆಯುವ ಜಾಗ ಇರುವುದರಿಂದ ನನ್ನ ಜೊತೆ ತಿಂಡಿಗೆ ಬರುವ ಗೆಳೆಯರ ಬೆನ್ನಿನ ಮೇಲೆ ಸದಾ ನೀರು ಸಿಡಿಯುತ್ತಿರುತ್ತದೆ. ಈಗೀಗ ಅವರು ಬರುವುದನ್ನು ಕಡಿಮೆ ಮಾಡಿದ್ದಾರೆ. ಮದುವೆ ಮನೆಗಳಲ್ಲಂತೂ ನಾನು ಛತ್ರದ ಹೆಬ್ಬಾಗಿಲಲ್ಲೇ ನಿಂತಿರುವುದರಿಂದ ಬಂದವರೆಲ್ಲ ನನ್ನನ್ನೇ ಹೆಣ್ಣಿನ ತಂದೆ ಎಂದುಕೊಂಡು ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.

ಇದಕ್ಕೆಲ್ಲ ಕಾರಣ ಸಿದ್ದಮ್ಮನವರ ಅಟ್ಟ.

ಸಿದ್ದಮ್ಮನವರದು ಮಾಮೂಲ್‌ಪೇಟೆಯ ಒಂದು ಸಣ್ಣ ಗಲ್ಲಿಯಲ್ಲಿ ಬಳೆ ಅಂಗಡಿ. ಅವರ ಮಾವನ ಕಾಲದ್ದು. ಹಣೆಯಲ್ಲಿ ಅಗಲವಾದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ದಿಂಬಿನ ಮೇಲೆ ಚಾಚಿದ ನೋವಿನ ಮಂಡಿ, ಇಷ್ಟು ಕಂಡರೆ ಅಂಗಡಿ ತೆರೆದಿದೆ ಎಂದು ಅರ್ಥ. ನಗರದ ಹೆಂಗಸರು ಬಂದು ಕೈ ಚಾಚಿ ಬಳೆ ತೊಡಿಸಿಕೊಂಡು ಹೋಗುತ್ತಿದ್ದರು. ಆದರೆ ನಿಜವಾದ ವ್ಯಾಪಾರ ಅದಲ್ಲ. ಕೋಲಾರ, ತುಮಕೂರು, ಕನಕಪುರದ ಕಡೆಯ ಸಣ್ಣ ವ್ಯಾಪಾರಿಗಳು ಬೆಳಗಿನ ಬಸ್ಸಿಗೆ ಬಂದು, ಸಗಟಾಗಿ ಬಳೆ ಕೊಂಡು, ರಟ್ಟಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಅಲ್ಲಿನ ಸಂತೆಗಳಲ್ಲಿ ಆಡುವ ಕೈಗಳ ಬಣ್ಣವೆಲ್ಲ ಈ ಗಲ್ಲಿಯಲ್ಲಿ ತೀರ್ಮಾನವಾಗುತ್ತಿತ್ತು.

ಸಿದ್ದಮ್ಮನವರ ಮಾತಿನ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಅಶುಭದ ಒಂದು ಮಾತೂ ಅವರ ಬಾಯಿಂದ ಬರುತ್ತಿರಲಿಲ್ಲ. ಅಂಗಡಿ ಮುಚ್ಚುವುದು ಎಂಬುದಿಲ್ಲ, ಬಾಗಿಲು ಮುಂದೆ ಮಾಡುವುದು. ಸಾಮಾನು ಮುಗಿಯುವುದಿಲ್ಲ, ತುಂಬುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ನೀವು ಕೇಳಿದ ಬಣ್ಣ ಅಂಗಡಿಯಲ್ಲಿ ಇಲ್ಲದಿದ್ದರೆ ಇಲ್ಲ ಎನ್ನುತ್ತಿರಲಿಲ್ಲ, “ನಾಳೆ ಬರತ್ತೆ” ಎನ್ನುತ್ತಿದ್ದರು. ಗಿರಾಕಿಗಳು ತಪ್ಪಿ ಇಂಥ ಒಂದು ಮಾತು ಆಡಿದರೆ ಆಯಿತು, “ಬಿಡ್ತು ಅನ್ನಿ!” ಎಂದು ಗದರುತ್ತಿದ್ದರು. ಗಿರಾಕಿ “ಬಿಡ್ತು” ಎನ್ನುವವರೆಗೆ ಬಳೆ ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಂಥ ಶಿಸ್ತು ಇರಲಿಲ್ಲ. ನಮ್ಮಲ್ಲಿ ದೀಪ ಆರುತ್ತಿತ್ತು, ಅಕ್ಕಿ ಮುಗಿಯುತ್ತಿತ್ತು, ಅದರಲ್ಲೂ ತಿಂಗಳ ಕೊನೆಯಲ್ಲಿ ಸ್ಪಷ್ಟವಾಗಿ ಮುಗಿಯುತ್ತಿತ್ತು. ಮೇಲಾಗಿ ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನು. ಕುಸಿತ, ನಷ್ಟ, ದಿವಾಳಿ ಎಂಬ ಮಾತುಗಳನ್ನು ಪರೀಕ್ಷೆಯಲ್ಲಿ ಧಾರಾಳವಾಗಿ ಬಳಸಿ ಪಾಸಾದವನು.

ಆ ವರ್ಷವೂ ಹೀಗೇ ಜೇಬಿನಲ್ಲಿ ಅಳತೆ ಬಳೆ ಇಟ್ಟುಕೊಂಡು ಹೋಗಿದ್ದೆ. ಗೌರಿ ಹಬ್ಬಕ್ಕೆ ಇನ್ನೂ ಬೇಕಾದಷ್ಟು ದಿನ ಇತ್ತು. ಸಿದ್ದಮ್ಮ ಬಳೆಯನ್ನು ಬೆಳಕಿಗೆ ಹಿಡಿದು, “ಇದು ಹಳೇ ನಮೂನೆ. ಮೇಲೆ ಅಟ್ಟದಲ್ಲಿ ಇರ್ಬೇಕು. ನನ್ ಮಂಡಿ ಹತ್ತಕ್ಕೆ ಬಿಡಲ್ಲ, ನೀವೇ ಹೋಗಿ ನೋಡ್ಕೊಂಬನ್ನಿ ಸ್ವಾಮಿ” ಎಂದರು. ಕಡಿದಾದ ಮರದ ಏಣಿ, ಅದರ ತುದಿಗೆ ಒಬ್ಬರು ನುಸುಳುವಷ್ಟು ಕಂಡಿ, ಅದರಾಚೆ ಕಿಟಕಿ ಇಲ್ಲದ ಅಟ್ಟ. ಅವರ ಮಾವ ಇಟ್ಟ ದೇವರ ಪಟ, ಅದರ ಮುಂದೆ ಹಿತ್ತಾಳೆಯ ಒಂದು ಎಣ್ಣೆ ದೀಪ, ತಲೆಯ ಮೇಲೆ ಒಂದು ಬಲ್ಬು, ಸುತ್ತ ಬಳೆಯ ಪೆಟ್ಟಿಗೆಗಳು. ಎರಡೂ ಕೈ ಬೇಕಾಗಿದ್ದರಿಂದ ಅಳತೆ ಬಳೆಯನ್ನು ನನ್ನ ಬೆರಳುಗಳಿಗೆ ಏರಿಸಿಕೊಂಡು ಹುಡುಕತೊಡಗಿದೆ.

ಮೊದಲು ಬಲ್ಬು ಹೋಯಿತು. ಆ ಗಲ್ಲಿಯಲ್ಲಿ ಕರೆಂಟು ಹೋಗುವುದು ಸಾಮಾನ್ಯ, ನಾನು ದೀಪದ ಬೆಳಕಿನಲ್ಲಿ ಹುಡುಕುತ್ತಲೇ ಇದ್ದೆ. ಆಮೇಲೆ ಹೊರಗೆ ಯಾರೋ ಓಡುವ ಸದ್ದು, ಕಿರುಚಾಟ. ಆಮೇಲೆ ಹೊಗೆ. ಪಕ್ಕದ ಅಂಗಡಿಯ ಮುಂದೆ ಜೋತಾಡುತ್ತಿದ್ದ ವೈರುಗಳ ಗಂಟಿನಿಂದ ಕಿಡಿ ಬಿದ್ದು ಮುಂದಿನ ಟಾರ್ಪಾಲಿಗೆ ಹತ್ತಿಕೊಂಡಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಕಣ್ಣು ಉರಿಯುತ್ತಿದೆ, ಕಂಡಿ ಎಲ್ಲಿದೆ ಎಂದು ಕಾಣುತ್ತಿಲ್ಲ, ಕೆಳಗಿನಿಂದ ಸಿದ್ದಮ್ಮ ಕೂಗುತ್ತಿದ್ದಾರೆ.

“ಸ್ವಾಮೀ! ದೀಪ ದೊಡ್ಡದ್ ಮಾಡ್ಬಿಟ್ಟು ಬೇಗ ಕೆಳಗೆ ಬನ್ನಿ!”

ಎಂಥ ಸಮಯಪ್ರಜ್ಞೆ ಎಂದುಕೊಂಡೆ. ಇಳಿಯುವುದಕ್ಕೆ ಬೆಳಕು ಬೇಡವೇ? ಜೇಬಿನ ಪೆನ್ನು ತೆಗೆದು, ಅದರ ತುದಿಯಿಂದ ಬತ್ತಿಯನ್ನು ಮುಂದಕ್ಕೆ ತಳ್ಳಿದೆ. ದೀಪ ದೊಡ್ಡದಾಯಿತು. ಹೊಗೆಯ ನಡುವೆ ಕಪ್ಪಗೆ ಕಂಡಿ ಕಾಣಿಸಿತು. ನಾನು ಅದಕ್ಕೆ ಬೆನ್ನು ಹಾಕಿ ಹುಡುಕುತ್ತಿದ್ದೆ! ಒಂದು ಕೈಯಲ್ಲಿ ಉರಿಯುವ ದೀಪ ಹಿಡಿದುಕೊಂಡು ಏಣಿ ಇಳಿದೆ.

ಕೆಳಗೆ ಸಿದ್ದಮ್ಮ ನನ್ನನ್ನು ನೋಡಿದ ನೋಟ ಈ ಜನ್ಮದಲ್ಲಿ ಮರೆಯುವುದಿಲ್ಲ. “ಅಯ್ಯೋ ಶಿವನೇ, ದೊಡ್ಡದ್ ಮಾಡಿ ಅಂದ್ರೆ ದೊಡ್ಡದೇ ಮಾಡ್ಕೊಂಡ್ ಬಂದ್ಬಿಟ್ರಲ್ಲ!” ಎಂದರು. ಅವರ ಭಾಷೆಯಲ್ಲಿ ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನುತ್ತಾರೆ ಎಂದು ನನಗೇನು ಗೊತ್ತು? ಹೊರಗೆ ಟಾರ್ಪಾಲು ಧಗಧಗ ಉರಿಯುತ್ತಿದ್ದರೂ ಆಕೆ ದೀಪವನ್ನು ಬಾಯಿಂದ ಊದಲಿಲ್ಲ. ಬೆರಳಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಎಳೆದು ಶಾಂತ ಮಾಡಿದರು. ಸಣ್ಣ ಹೊಗೆಯ ಎಳೆಯೊಂದು ನನ್ನ ಮೂಗಿನ ಮುಂದೆಯೇ ಎದ್ದಿತು. ಆ ದೊಡ್ಡ ಹೊಗೆಯೆಲ್ಲ ಮರೆತುಹೋಗಿ, ಈ ಎಳೆಯ ವಾಸನೆ ಮಾತ್ರ ನನ್ನಲ್ಲಿ ಉಳಿದುಕೊಂಡದ್ದು ಯಾಕೆ ಎಂದು ಕೇಳಬೇಡಿ.

ಒಂದು ಕೈಯಲ್ಲಿ ಆ ದೀಪ, ಇನ್ನೊಂದರಲ್ಲಿ ಅವರ ತೋಳು ಹಿಡಿದುಕೊಂಡು ಹೊರಗೆ ಬಂದೆ. ನಮ್ಮ ಹಿಂದೆಯೇ ಟಾರ್ಪಾಲು ಕಳಚಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಗಲ್ಲಿಯ ತುದಿಯಲ್ಲಿ ನಿಂತು ನೋಡುತ್ತಿದ್ದಾಗ ಆ ಸದ್ದು ಶುರುವಾಯಿತು. ಕಾವಿಗೆ ಬಳೆಗಳು ಸಿಡಿಯುವ ಸದ್ದು. ಮೊದಲು ಒಂದೊಂದಾಗಿ, ಆಮೇಲೆ ಒಟ್ಟಿಗೆ, ಊರಿನ ಹೆಂಗಸರೆಲ್ಲ ಒಂದೇ ಸಲ ಕೈ ಕೊಡವಿದ ಹಾಗೆ. ಸಿದ್ದಮ್ಮ ಆ ಕಡೆ ನೋಡಲಿಲ್ಲ. ನನ್ನ ಕೈ ನೋಡಿದರು. ಗಾಬರಿಯಲ್ಲಿ ವಸಂತಳ ಬಳೆ ನನ್ನ ಗೆಣ್ಣಿನ ತನಕ ಏರಿ ಸಿಕ್ಕಿಕೊಂಡಿತ್ತು. ಗಂಡಸೊಬ್ಬ ಕೈಗೆ ಬಳೆ ಹಾಕಿಕೊಂಡು ನಿಂತಿರುವುದನ್ನು ಬೆಂಕಿ ಆರಿಸಲು ಬಂದವರೂ ಒಂದು ಗಳಿಗೆ ನಿಂತು ನೋಡಿದರು. ಸಿದ್ದಮ್ಮ ತಮ್ಮ ಬೆರಳಿಗೆ ಮೆತ್ತಿದ್ದ ದೀಪದ ಎಣ್ಣೆಯನ್ನೇ ಸವರಿ, ಬಳೆಗೆ ಒಂದು ಬಿರುಕೂ ಬರದಂತೆ ಜಾರಿಸಿ ನನ್ನ ಜೇಬಿಗೆ ಹಾಕಿದರು.

ಮನೆಗೆ ಬಂದು ವಸಂತಳಿಗೆ ಹೇಳಿದ್ದು ಇಷ್ಟು: “ಅಲ್ಲಿ ಸ್ವಲ್ಪ ಹೊಗೆ ಬಂತು.” ಅವಳು ಕರಿ ಹಿಡಿದ ಅಂಗಿಯನ್ನು ನೋಡಿದಳು. “ಏನೂ ಇಲ್ಲ, ಸಣ್ಣ ಗಲಾಟೆ” ಎಂದೆ.

ಕೆಲವು ದಿನ ಬಿಟ್ಟು ಹೋದಾಗ ಗಲ್ಲಿಯ ವ್ಯಾಪಾರಿಗಳು ಕಪ್ಪಾದ ಗೋಡೆಗಳ ಮುಂದೆ ಗೋಣಿ ಹಾಸಿಕೊಂಡು, ಉಳಿದದ್ದನ್ನು ಹರಡಿಕೊಂಡು ಕೂತಿದ್ದರು. ಸಿದ್ದಮ್ಮನವರ ಎದುರಂಗಡಿಯ ನಂಜುಂಡಪ್ಪ, ದಾರ ಮತ್ತು ರಿಬ್ಬನ್ನು ಮಾರುವವನು, ನನ್ನನ್ನು ಕಂಡವನೇ, “ಬನ್ನಿ ಸ್ವಾಮಿ, ದೀಪ ತಂದಿದೀರಾ?” ಎಂದ. ಇಡೀ ಗಲ್ಲಿ ನಕ್ಕಿತು. ನನಗೂ ನಗು ಬಂತು.

ಗಲ್ಲಿಗೆ ಒಂದೇ ಸೂರು, ಒಂದಕ್ಕೊಂದು ಅಂಟಿದ ಗೋಡೆಗಳು. ಸರ್ಕಾರದಿಂದ ಪರಿಹಾರವೂ ಹೊಸ ವೈರಿಂಗೂ ಸೂರೂ ಆಗುವುದಿತ್ತು. ಆದರೆ ಪ್ರತಿ ಅಂಗಡಿಯ ನಷ್ಟವನ್ನೂ ಅಧಿಕಾರಿ ಬಂದು ಕೇಳಿ ಬರೆದುಕೊಳ್ಳಬೇಕು, ಒಂದು ಅಂಗಡಿ ಬಿಟ್ಟುಹೋದರೂ ಕೆಲಸ ಶುರುವಾಗುವುದಿಲ್ಲ.

“ಹಬ್ಬದೊಳಗೆ ಗಲ್ಲಿ ಎದ್ದು ನಿಲ್ಲದಿದ್ರೆ ಕೋಲಾರದೋರು, ತುಮಕೂರಿನೋರು ಬೇರೆ ದಾರಿ ಕಲ್ತುಬಿಡ್ತಾರೆ ಸ್ವಾಮಿ” ಎಂದ ನಂಜುಂಡಪ್ಪ. “ನಮ್ಮಪ್ಪ ಬಿನ್ನಿಪೇಟೇಲಿ ಮಿಲ್ಲಿಗೆ ಹೋಗ್ತಿದ್ದ. ಈಗ ಅಲ್ಲಿ ಮಿಲ್ಲಿಲ್ಲ, ಹೆಸರು ಮಾತ್ರ ಐತೆ. ಇಲ್ಲೂ ಹಂಗೇ ಆಗ್ಬಿಟ್ರೆ ಮುಗೀತು ನಮ್ ಕತೆ.”

“ಮುಗೀತು ಅನ್ಬೇಡ! ಬಿಡ್ತು ಅನ್ನು!” ಎಂದು ಗೋಣಿಯ ಮೇಲಿಂದಲೇ ಸಿದ್ದಮ್ಮ ಗದರಿದರು.

“ಬಿಡ್ತು ಸಿದ್ದಕ್ಕ, ಬಿಡ್ತು. ಸೂರೇ ಬಿಡ್ತಲ್ಲ, ಇನ್ನೇನು ಬಿಡ್ಬೇಕು?”

ಅಧಿಕಾರಿ ಅಂದೇ ಬಂದರು. ಚಿಕ್ಕ ವಯಸ್ಸಿನವರು, ಒಳ್ಳೆಯವರು, ಬಿಸಿಲಿಗೆ ಬೆವರಿದ್ದರು. ನಂಜುಂಡಪ್ಪ ತನ್ನ ನಷ್ಟವನ್ನು ಬಾಯ್ತುಂಬ ಹೇಳಿದ. ಸಿದ್ದಮ್ಮನವರ ಸರದಿ ಬಂತು.

“ನಿಮ್ಗೆ ಏನೇನು ನಷ್ಟ ಆಯ್ತಮ್ಮ?”

“ನಷ್ಟ ಅಂತ ಯಾಕಂತೀಯಪ್ಪ? ಬಳೆ ಎಲ್ಲಾ ಹೆಚ್ಚವೆ.”

ಅಧಿಕಾರಿ ತಲೆ ಎತ್ತಿದರು. “ಹೆಚ್ಚಾಗಿವೆಯಾ? ಸಂತೋಷ. ಬೇರೆ ಸಾಮಾನು?”

“ತುಂಬೈತೆ.”

“ಅಂಗಡಿ?”

“ಬಾಗ್ಲು ಮುಂದೆ ಮಾಡಿದೀನಿ.”

ಅವರು ಅಂಗಡಿಯನ್ನು ನೋಡಿದರು. ಅಲ್ಲಿ ಎರಡು ಕರಕಲು ಕಂಬ ಇದ್ದವು. “ಬಾಗಿಲೇ ಇಲ್ವಲ್ಲಮ್ಮ?”

“ಇಲ್ಲ ಅನ್ಬೇಡಪ್ಪ! ಬಿಡ್ತು ಅನ್ನು!”

ಅಧಿಕಾರಿ ಬರೆಯುವುದು ನಿಲ್ಲಿಸಿ ನನ್ನ ಕಡೆ ತಿರುಗಿದರು. ಓದಿದವನ ಹಾಗೆ ಕಂಡಿರಬೇಕು. “ಸಾರ್, ಬಳೆ ಹೆಚ್ಚಾಗಿದೆ, ಸಾಮಾನು ತುಂಬಿದೆ. ಇವರು ಹೇಳಿದ್ ಹಂಗೆ ಬರೆದ್ರೆ ಇವರೇ ಸರ್ಕಾರಕ್ಕೆ ಪರಿಹಾರ ಕೊಡ್ಬೇಕಾಗತ್ತೆ.”

ಗಲ್ಲಿ ಮತ್ತೆ ನಕ್ಕಿತು, ಆದರೆ ಈ ಸಲ ನಗು ಬೇಗ ನಿಂತಿತು. ಅಧಿಕಾರಿ ಅಂದು ಇಡೀ ಪೇಟೆ ಸುತ್ತಬೇಕಿತ್ತು, ಮತ್ತೆ ಯಾವಾಗ ಬರುತ್ತಾರೋ ಗೊತ್ತಿರಲಿಲ್ಲ. “ಸಿದ್ದಕ್ಕ, ಸುಟ್ಟೋಯ್ತು ಅಂತ ಒಂದ್ ಮಾತು ಅಂದ್ಬಿಡು. ನಾಲಿಗೆ ಏನೂ ಸವೆಯಲ್ಲ” ಎಂದು ನಂಜುಂಡಪ್ಪ ಗೋಗರೆದ. ಆಕೆ ತುಟಿ ಬಿಗಿದರು. ನಾನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಮಾತು ಬರೀ ಮಾತಲ್ಲವೇ, ಅಂದರೆ ಆಗುವುದೇನು ಎಂದು ಕೇಳಿದೆ.

“ನಿಮ್ಗೆ ಬರೀ ಮಾತು ಸ್ವಾಮಿ” ಎಂದರು ಮೆಲ್ಲಗೆ. “ನಾನು ನಾಳೆ ಇದೇ ಜಾಗದಲ್ಲಿ ಕೂತ್ಕೊಂಡು ಹೆಣ್ಮಕ್ಳಿಗೆ ಬಳೆ ತೊಡಿಸ್ಬೇಕು. ತೊಡಿಸ್ತಾ ಚೆನ್ನಾಗ್ ಬಾಳಮ್ಮ ಅಂತೀನಿ. ಅದನ್ನ ಕೇಳಕ್ಕೇ ಬರ್ತಾರೆ, ಬಳೆ ಎಲ್ಲಾ ಕಡೆ ಸಿಗತ್ತೆ. ಒಡೆದೋಯ್ತು, ಸುಟ್ಟೋಯ್ತು ಅಂದ ಬಾಯಲ್ಲಿ ಚೆನ್ನಾಗ್ ಬಾಳು ಅಂದ್ರೆ ಯಾವ ಮಗೀಗೆ ತಾಕತ್ತೆ?”

ಇದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರ ಇದ್ದಿರಬಹುದು, ನಾನು ಆ ಅಧ್ಯಾಯ ಓದಿರಲಿಲ್ಲ. ಅಧಿಕಾರಿ ಚೀಲ ಹೆಗಲಿಗೇರಿಸಿದರು. ಆಗ ನನ್ನ ಬಾಯಿಂದ, ನನಗೇ ಆಶ್ಚರ್ಯವಾಗುವಂತೆ, “ನಾನು ಹೇಳ್ತೀನಿ” ಎಂಬ ಮಾತು ಹೊರಟಿತು.

“ನೀವು ಯಾರು ಸಾರ್?”

“ಗಿರಾಕಿ. ಅವತ್ತು ಅಟ್ಟದ ಮೇಲಿದ್ದೆ.”

ಕಣ್ಣಾರೆ ಕಂಡವರ ಹೇಳಿಕೆ ನಡೆಯುತ್ತದೆ, ಕೆಳಗೆ ಅಮ್ಮನ ಸಹಿ ಇದ್ದರೆ ಸಾಕು ಎಂದರು ಅವರು. ಸಿದ್ದಮ್ಮ ಯೋಚಿಸಿದರು. ಒಪ್ಪಿದರು, ಆದರೆ ಎರಡು ಷರತ್ತು. ಆ ಮಾತುಗಳು ನಡೆಯುವಾಗ ತಾವು ಅಲ್ಲಿ ಇರುವುದಿಲ್ಲ. ಮತ್ತು ಒಂದೊಂದು ಮಾತು ಮುಗಿದ ಕೂಡಲೇ ಯಾರಾದರೂ ಬಿಡ್ತು ಅನ್ನಬೇಕು. ಈ ಕೆಲಸಕ್ಕೆ ನಂಜುಂಡಪ್ಪ ನೇಮಕವಾದ. ಸಿದ್ದಮ್ಮ ಮಂಡಿ ಹಿಡಿದುಕೊಂಡು ಗಲ್ಲಿಯ ತುದಿಗೆ ನಡೆದು, ಟೀ ಅಂಗಡಿಯ ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿ ಕೂತು, ಎರಡೂ ಕಿವಿ ಮುಚ್ಚಿಕೊಂಡರು.

“ಪಕ್ಕದ ಅಂಗಡಿಯ ವೈರಿನಿಂದ ಟಾರ್ಪಾಲಿಗೆ ಬೆಂಕಿ ಹತ್ತಿತು” ಎಂದೆ.

“ಬಿಡ್ತು” ಎಂದ ನಂಜುಂಡಪ್ಪ.

“ಅಂಗಡಿಯ ಬಾಗಿಲು, ಗಾಜಿನ ಬೀರು, ಏಣಿ, ಎಲ್ಲಾ ಸುಟ್ಟುಹೋದವು.”

“ಬಿಡ್ತು.”

“ಅಟ್ಟ ಕುಸಿದುಬಿತ್ತು.”

ಉತ್ತರ ಬರಲಿಲ್ಲ. ನಂಜುಂಡಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಗಲ್ಲಿಯ ತುದಿಯಿಂದ, ಮುಚ್ಚಿದ ಕಿವಿಯ ಸಿದ್ದಮ್ಮನವರ ದನಿ ಬಂತು: “ನಂಜುಂಡಾ! ಬಿಡ್ತು ಅಂದ್ಯೇನೋ?”

“ಅಂದೆ ಸಿದ್ದಕ್ಕ, ಅಂದೆ! ಬಿಡ್ತು!”

ಅಧಿಕಾರಿ ಕೂಡ ನಕ್ಕರು. ನಾನು ಮುಂದುವರಿಸಿದೆ. ಹೊಗೆ ಎಂದೆ. ಕಂಡಿ ಕಾಣಲಿಲ್ಲ ಎಂದೆ. ಇನ್ನು ಇಲ್ಲೇ ಮುಗಿಯಿತು ಅಂದುಕೊಂಡೆ ಎಂದೆ. ಅವರು ಅದನ್ನು ಕೇಳಿರಲಿಲ್ಲ, ಸರ್ಕಾರಕ್ಕೆ ಅದು ಬೇಕಾಗಿಯೂ ಇರಲಿಲ್ಲ, ಆದರೆ ಶುರುವಾದ ಮೇಲೆ ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. “ಬಳೆಗಳು ಒಡೆದುಹೋದವು. ಅಟ್ಟದ್ದು, ಕೆಳಗಿನದು, ಎಲ್ಲಾ. ಆ ಸದ್ದು ನನಗೆ ಈಗಲೂ ಕೇಳಿಸ್ತಾ ಇರತ್ತೆ” ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಸದ್ದಿನ ವಿಷಯ ಬರೀಬೇಕಾ ಸಾರ್?” ಎಂದು ಮೆತ್ತಗೆ ಕೇಳಿದರು.

“ಬೇಡ.”

ನಂಜುಂಡಪ್ಪ ಎಲೆ ಮಡಿಸಿ ಬದಿಗಿಟ್ಟ. “ಇದಕ್ಕೆ ನಾನು ಅಂದ್ರೆ ಆಗಲ್ಲ ಸ್ವಾಮಿ. ನೀವೇ ಅನ್ನಿ.”

“ಬಿಡ್ತು” ಎಂದೆ.

ಚಿಕ್ಕಂದಿನಿಂದ ಕೇಳಿದ ಮಾತು, ಅಷ್ಟರ ತನಕ ಅದರ ಅರ್ಥದ ಕಡೆ ಗಮನ ಹೋಗಿರಲಿಲ್ಲ. ಬಿಟ್ಟಿತು ಎಂದಲ್ಲವೇ ಅದು! ಹಿಡಿದುಕೊಂಡಿದ್ದದ್ದು ಕೈಬಿಟ್ಟಿತು ಎಂದು. ಪೂರ್ತಿ ಬಿಟ್ಟಿತು ಎಂದು ಹೇಳಲಾರೆ, ಬಿಟ್ಟಿದ್ದರೆ ಇವತ್ತು ಬೆಳಿಗ್ಗೆ ಗೇಟಿನ ಹೊರಗೆ ಏಕೆ ನಿಂತಿರುತ್ತಿದ್ದೆ? ಆದರೆ ಅಂದು ಮನೆಗೆ ಹೋಗಿ ವಸಂತಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕೇಳಿ ಅತ್ತಳು. ಆಮೇಲೆ ನಾನು ದೀಪ ಹಿಡಿದು ಇಳಿದದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡು ನಕ್ಕಳು.

ಹಬ್ಬದ ಹೊತ್ತಿಗೆ ಗಲ್ಲಿಗೆ ಸೂರು ಬಂತು, ಬಣ್ಣ ಬಳಿಯುವುದು ಉಳಿದಿತ್ತು. ಒಂದು ಅಂಗಡಿಯವರು ಊರಾಚೆಯ ಬಡಾವಣೆಗೆ ಹೊರಟುಹೋದರು. ತುಮಕೂರಿನವರಲ್ಲಿ ಕೆಲವರು ಬೇರೆ ದಾರಿ ಕಲಿತದ್ದೂ ನಿಜ. ಕೋಲಾರದವರು ಮಾತ್ರ ತಪ್ಪದೆ ಬಂದರು. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಚೇತರಿಕೆ ಎಂದರೆ ಕೆಳಗಿನಿಂದ ಮೇಲಕ್ಕೆ ಏರುವ ಒಂದು ಗೆರೆ. ಇಲ್ಲಿ ನಾನು ಕಂಡದ್ದು ಬೆಳಗಿನ ಬಸ್ಸಿಳಿದು, ಹೊಸ ಸಿಮೆಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು, “ಏನಮ್ಮ, ರೇಟು ಹಳೇದೇನಾ?” ಎಂದು ಸಿದ್ದಮ್ಮನವರ ಜೊತೆ ಜಗಳಕ್ಕೆ ನಿಂತ ಹೆಂಗಸರನ್ನು. ಆ ಜಗಳ ಕೇಳುತ್ತ ನಂಜುಂಡಪ್ಪ ಎದುರಂಗಡಿಯಲ್ಲಿ ಕಣ್ಣೊರೆಸಿಕೊಂಡ. ಕಣ್ಣಿಗೆ ಸಿಮೆಂಟು ಬಿತ್ತು ಎಂದ.

ಅಂದಿನಿಂದ ಪ್ರತಿ ಗೌರಿಗೂ ಹೋಗುತ್ತೇನೆ, ಆದರೆ ಕೆಳಗೇ ನಿಂತು ಸಿಕ್ಕಿದ್ದನ್ನು ತರುತ್ತೇನೆ. ಬಣ್ಣ ಸರಿಯಿಲ್ಲ ಎಂದು ವಸಂತ ಒಮ್ಮೆಯೂ ಅಂದಿಲ್ಲ.

ಇವತ್ತು ಹೋದಾಗ ಸಿದ್ದಮ್ಮ ಅಳತೆ ಬಳೆಯನ್ನು ಬೆಳಕಿಗೆ ಹಿಡಿದರು. “ಇದು ಮೇಲಿರೋದು” ಎಂದರು. ನಾನು ಚಪ್ಪಲಿ ಬಿಟ್ಟು ಹತ್ತಿದೆ. ಏಣಿಯ ಜಾಗದಲ್ಲಿ ಈಗ ಅಗಲ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಅಟ್ಟಕ್ಕೆ ಒಂದು ಕಿಟಕಿಯೂ ಬಂದಿದೆ, ಅದರಾಚೆ ಯಾರದೋ ಒಗೆದ ಬಟ್ಟೆ ಆಡುತ್ತಿತ್ತು. ದೇವರ ಪಟ ಹೊಸದು. ಅದರ ಮುಂದೆ ಅದೇ ಹಿತ್ತಾಳೆಯ ದೀಪ, ನಾನು ಹೊತ್ತು ತಂದದ್ದರಿಂದ ಉಳಿದುಕೊಂಡದ್ದು, ಸಣ್ಣಗೆ ಉರಿಯುತ್ತಿತ್ತು. ಹಸಿರು ಬಳೆಯ ಪೆಟ್ಟಿಗೆ ಕಿಟಕಿಯ ಪಕ್ಕದಲ್ಲೇ ಸಿಕ್ಕಿತು.

“ಸಿಕ್ತಾ ಸ್ವಾಮಿ?” ಕೆಳಗಿನಿಂದ ದನಿ ಬಂತು. “ದೀಪ ದೊಡ್ಡದ್ ಮಾಡ್ಬಿಟ್ಟು ಬನ್ನಿ!”

ಎದುರಂಗಡಿಯಲ್ಲಿ ನಂಜುಂಡಪ್ಪ ನಗುವುದು ಮೇಲಿನ ತನಕ ಕೇಳಿಸಿತು. ನಾನು ಬೆರಳಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಎಳೆದೆ. ಹೊಗೆ ಎಳೆಯಾಗಿ ಎದ್ದು, ನನ್ನ ಮುಖದ ಮುಂದೆ ಹಾದು, ಕಿಟಕಿಯಿಂದ ಬಟ್ಟೆಗಳ ಕಡೆ ಹೊರಟುಹೋಯಿತು. ಅದು ಹೋಗುವ ತನಕ ನಿಂತು ನೋಡಿದೆ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬಂದೆ.

ಈಗ ಮನೆಯಲ್ಲಿ ವಸಂತ ಹಜಾರದ ನೆಲದ ಮೇಲೆ ಕೂತು ಬಳೆ ಏರಿಸಿಕೊಳ್ಳುತ್ತಿದ್ದಾಳೆ, ನಾನು ಅವಳ ಎದುರು, ಬಾಗಿಲಿಗೆ ಬೆನ್ನು ಹಾಕಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೊನೆಯ ಬಳೆ ಬಿಗಿಯಾಯಿತೇನೋ, ಟಕ್ ಎಂದಿತು. ಅವಳು ಗಾಬರಿಯಾಗಿ, ಬಳೆಯನ್ನಲ್ಲ, ನನ್ನ ಮುಖವನ್ನು ನೋಡಿದಳು.

“ಹೆಚ್ಚಿತು ಬಿಡು” ಎಂದೆ. “ಇನ್ನೊಂದು ಹಾಕ್ಕೋ.”